ಕುದುರೆಯ ಕಾಲಿನ ಹುಣ್ಣು ಮಾಯುತ್ತಿಲ್ಲವೇ? ಮುಲಾಮಿಗಿಂತ ಮೊದಲು ನೋಡಬೇಕಾದ್ದು

ಮಿರಗದ ಮಳೆ ಬಿದ್ದು ಹದಿನೈದು ದಿನ ಕಳೆದರೆ ಸಾಕು, ನವಲಗುಂದ, ಅಣ್ಣಿಗೇರಿ, ನರಗುಂದ, ರೋಣದ ಎರಿ ಹೊಲಗಳು ಕಾಲು ಕೀಳಲಾಗದ ರಾಡಿಯಾಗುತ್ತವೆ. ಕುರಿ ಹಿಂಡಿನ ಜೊತೆ ಸಾಮಾನು ಹೊತ್ತು ತಿರುಗುವ ಕುದುರೆ ಇರಲಿ, ಹುಬ್ಬಳ್ಳಿಯ ಓಣಿಯಲ್ಲಿ ತಗಡಿನ ಶೆಡ್ಡಿನಡಿ ಕಟ್ಟಿದ ಮೆರವಣಿಗೆಯ ಕುದುರೆ ಇರಲಿ, ಆ ಹೊತ್ತಿಗೆ ಗೊರಸಿನ ಹಿಂಬದಿಯ ತಗ್ಗಿನಲ್ಲಿ ಏನೋ ಶುರುವಾಗಿರುತ್ತದೆ. ಕೂದಲು ಒದ್ದೆಯಾಗಿ ಅಂಟಿಕೊಳ್ಳುತ್ತದೆ, ಕೆಳಗಿನ ಚರ್ಮ ಕೆಂಪಾಗುತ್ತದೆ, ರಸಿಗೆ ಒಸರಿ ಹಕ್ಕಳೆ ಕಟ್ಟುತ್ತದೆ, ನಡೆದಾಗ ಆ ಹಕ್ಕಳೆ ಬಿರಿದು ರಕ್ತ ಜಿನುಗುತ್ತದೆ. ಮಾಲೀಕ ಒಂದು ಮುಲಾಮು ಹಚ್ಚುತ್ತಾನೆ, ಕಡಿಮೆಯಾಗಲಿಲ್ಲವೆಂದು ಇನ್ನೊಂದು ತರುತ್ತಾನೆ. ದಸರೆಯ ಹೊತ್ತಿಗೆ ಸ್ವಲ್ಪ ಒಣಗಿದಂತೆ ಕಂಡದ್ದು ಹಿಂಗಾರಿ ಮಳೆಗೆ ಮತ್ತೆ ಬಾಯಿ ಬಿಡುತ್ತದೆ.

ತಿಂಗಳುಗಟ್ಟಲೆ ಮಾಯದ ಇಂಥ ಹುಣ್ಣುಗಳಲ್ಲಿ ಔಷಧ ಸಾಲದೆ ಹೋದದ್ದು ಕಡಿಮೆ. ಹೆಚ್ಚಿನವು ಉಳಿಯುವುದು ಎರಡೇ ಕಾರಣಕ್ಕೆ: ಚರ್ಮ ಒಣಗಲು ಬಿಟ್ಟೇ ಇಲ್ಲ, ಅಥವಾ ಹುಣ್ಣು ನಾವಂದುಕೊಂಡ ಜಾತಿಯದ್ದೇ ಅಲ್ಲ. ಆದ್ದರಿಂದ ಈ ಲೇಖನ ಮುಲಾಮಿನ ಹೆಸರಿನಿಂದ ಶುರುವಾಗುವುದಿಲ್ಲ.

ಚರ್ಮ ಒಡೆಯುವ ಬಗೆ

ಆರೋಗ್ಯದ ಚರ್ಮದ ಮೇಲೆ ಬ್ಯಾಕ್ಟೀರಿಯಾ ಯಾವಾಗಲೂ ಇರುತ್ತವೆ, ಒಳಗೆ ಹೋಗಲು ದಾರಿ ಸಿಗುವುದಿಲ್ಲ ಅಷ್ಟೇ. ದಿನಗಟ್ಟಲೆ ನೀರಿನಲ್ಲಿ, ರಾಡಿಯಲ್ಲಿ, ಉಚ್ಚೆ ಹಿಡಿದ ಹಾಸಿನಲ್ಲಿ ನಿಂತಾಗ ಚರ್ಮದ ಮೇಲ್ಪದರ ಮೆತ್ತಗಾಗಿ ಉಬ್ಬುತ್ತದೆ. ಅದರ ಮೇಲೆ ಮಣ್ಣಿನ ಸಣ್ಣ ಹರಳು, ಕಣಿಕೆಯ ಚೂರು, ಹಗ್ಗ ಉಜ್ಜಿದರೆ ಕಣ್ಣಿಗೆ ಕಾಣದ ಗೀರುಗಳಾಗುತ್ತವೆ. ಅಲ್ಲಿಂದ ಸ್ಟೆಫಿಲೊಕಾಕಸ್ ಮತ್ತು ಡರ್ಮಟೋಫಿಲಸ್ ಎಂಬ ಬ್ಯಾಕ್ಟೀರಿಯಾ ಒಳ ಸೇರುತ್ತವೆ. ಡರ್ಮಟೋಫಿಲಸ್ ಹಕ್ಕಳೆಯ ಅಡಿಯಲ್ಲಿ, ಗಾಳಿ ಕಡಿಮೆ ಇರುವ ಒದ್ದೆ ಜಾಗದಲ್ಲಿ ಚೆನ್ನಾಗಿ ಬೆಳೆಯುತ್ತದೆ. ಬಿದ್ದ ಹಕ್ಕಳೆ ಒಣಗಿದ್ದರೂ ಅದರೊಳಗಿನ ಬೀಜಕಣಗಳು ಬಹುಕಾಲ ಜೀವ ಹಿಡಿದಿರುತ್ತವೆ. ಕಿತ್ತ ಹಕ್ಕಳೆಯನ್ನು ಲಾಯದಲ್ಲೇ ಉದುರಿಸಬಾರದು ಎನ್ನುವುದು ಇದಕ್ಕಾಗಿ.

ಹಿಂಗಾಲಿನಲ್ಲಿ ಇದು ಹೆಚ್ಚು, ಏಕೆಂದರೆ ಲದ್ದಿ, ಉಚ್ಚೆ ಬೀಳುವುದೇ ಅಲ್ಲಿ. ಬಿಳಿ ಕಾಲಿನ, ಅಡಿಯ ಚರ್ಮ ಗುಲಾಬಿ ಬಣ್ಣದ ಕುದುರೆಗಳಿಗೂ ಹೆಚ್ಚು. ಗಿಣ್ಣಿನ ಹಿಂದೆ ಉದ್ದ ಕೂದಲಿರುವ ಕುದುರೆಗಳಲ್ಲಿ ತೇವ ಅಲ್ಲೇ ನಿಲ್ಲುತ್ತದೆ.

ಮಸಾರಿ ನೆಲಕ್ಕಿಂತ ಎರಿ ನೆಲ ಈ ಕಾಯಿಲೆಗೆ ಹೆಚ್ಚು ಅನುಕೂಲ. ಎರಿ ಮಣ್ಣಿನ ಜೇಡಿ ನೀರು ಹಿಡಿದಿಟ್ಟುಕೊಂಡು ಕೂದಲಿಗೆ ಪದರವಾಗಿ ಮೆತ್ತಿಕೊಳ್ಳುತ್ತದೆ. ಮೇಲೆ ಒಣಗಿದಂತೆ ಕಂಡರೂ ಒಳಗೆ ಚರ್ಮ ಗಂಟೆಗಟ್ಟಲೆ ಒದ್ದೆಯಾಗೇ ಇರುತ್ತದೆ.

ಕೈ ಹಾಕುವ ಮೊದಲು ಗುರುತಿಸಿ

ಹಗಲು ಬೆಳಕಿನಲ್ಲಿ, ಕಾಲು ಒಣಗಿರುವಾಗ, ನಾಲ್ಕೂ ಕಾಲು ನೋಡಿ. ಹುಣ್ಣು ಇರುವ ಕಾಲನ್ನಷ್ಟೇ ನೋಡಿದರೆ ಅರ್ಧ ಸುಳಿವು ತಪ್ಪುತ್ತದೆ. ಮೊಬೈಲಿನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಿ, ಪಕ್ಕದಲ್ಲಿ ಒಂದು ನಾಣ್ಯ ಹಿಡಿದು. ಹತ್ತು ದಿನದ ಮೇಲೆ ಹುಣ್ಣು ದೊಡ್ಡದಾಗಿದೆಯೋ ಸಣ್ಣದಾಗಿದೆಯೋ ಎಂಬ ವಾದ ಬೇಕಾಗುವುದಿಲ್ಲ.

ಹಕ್ಕಳೆ ಕಿತ್ತಾಗ ಕೂದಲಿನ ಗೊಂಚಲು ಬಣ್ಣದ ಬ್ರಶ್ಶಿನಂತೆ ಅದರ ಜೊತೆ ಬಂದು, ಅಡಿಯಲ್ಲಿ ಹಸಿರು-ಹಳದಿ ರಸಿಗೆ ಕಂಡರೆ ಡರ್ಮಟೋಫಿಲಸ್ ಎಂದು ಬಲವಾಗಿ ಅನುಮಾನಿಸಬಹುದು. ಇದು ಮಳೆಗಾಲದ ಸಾಮಾನ್ಯ ಹುಣ್ಣು.

ರಾತ್ರಿ ಹೊತ್ತು ಕುದುರೆ ಕಾಲು ನೆಲಕ್ಕೆ ಕುಟ್ಟುತ್ತಿದ್ದರೆ, ಒಂದು ಕಾಲಿನಿಂದ ಇನ್ನೊಂದನ್ನು ಉಜ್ಜುತ್ತಿದ್ದರೆ, ಕಚ್ಚಿಕೊಳ್ಳುತ್ತಿದ್ದರೆ ತುರಿಹುಳ ಇರಬಹುದು. ಕಾಲಿನ ಹುಳ ಚರ್ಮದ ಮೇಲ್ಮೈಯಲ್ಲೇ ಬದುಕುತ್ತದೆ. ಸಾಮಾನ್ಯ ಮಳೆಗಾಲದ ಹುಣ್ಣಿನಲ್ಲಿ ನೋವು ಹೆಚ್ಚು, ತುರಿಕೆ ಕಡಿಮೆ. ಹುಳದಲ್ಲಿ ತುರಿಕೆಯೇ ಮುಂದು.

ಕೂದಲು ದುಂಡಗೆ ಉದುರಿ ಬೂದಿ ಬಣ್ಣದ ಹೊಟ್ಟು ಏಳುತ್ತಿದ್ದರೆ, ಅದೇ ಬ್ರಶ್ಶು, ಜೀನು ಬಳಸುವ ಇನ್ನೊಂದು ಕುದುರೆಗೂ ಬಂದಿದ್ದರೆ ಗಜಕರ್ಣ. ಇದು ಮನುಷ್ಯರಿಗೂ ಅಂಟುತ್ತದೆ, ಮಕ್ಕಳನ್ನು ದೂರವಿಡಿ.

ಬಿಳಿ ಕೂದಲಿರುವಲ್ಲಿ ಮಾತ್ರ ಚರ್ಮ ಸುಟ್ಟಂತಾಗಿ, ಕಪ್ಪು ಕೂದಲಿನ ಗಡಿಗೆ ಸರಿಯಾಗಿ ನಿಂತಿದ್ದರೆ ಕುದುರೆ ತಿಂದದ್ದನ್ನು ನೆನಪಿಸಿಕೊಳ್ಳಿ. ಬೇಲಿಯ ಲಾಂಟಾನ ಪಿತ್ತಜನಕಾಂಗಕ್ಕೆ ಪೆಟ್ಟು ಕೊಡುತ್ತದೆ, ಆಮೇಲೆ ಬಿಸಿಲು ಬಿದ್ದಲ್ಲೆಲ್ಲ ಬಿಳಿ ಚರ್ಮ ಬೇಯುತ್ತದೆ. ಮೂತಿಯ ಬಿಳಿ ಪಟ್ಟೆಯಲ್ಲೂ ಇದೇ ಕಂಡರೆ, ಕಣ್ಣಿನ ಬಿಳಿ ಹಳದಿಯಾಗಿದ್ದರೆ ಇದು ಬರೀ ಚರ್ಮದ ಕಾಯಿಲೆಯಲ್ಲ. ಕುದುರೆಯನ್ನು ನೆರಳಿಗೆ ತಂದು ಅದೇ ದಿನ ವೈದ್ಯರನ್ನು ಕರೆಯಬೇಕು. ಕಾಂಗ್ರೆಸ್ ಕಸದಲ್ಲಿ ಮೇಯುವ ಕುದುರೆಯ ಕಾಲು, ಮೂತಿ ಕೂಡ ಕೆರಳಬಹುದು. ಅಲ್ಲಿ ಕಸ ಕಿತ್ತು ಜಾಗ ಬದಲಿಸುವುದೇ ಮೊದಲ ಚಿಕಿತ್ಸೆ.

ಹಗ್ಗದ ಹುಣ್ಣನ್ನು ಗುರುತಿಸುವುದು ಸುಲಭ, ಆದರೆ ತುಂಬಾ ಜನ ಗುರುತಿಸುವುದಿಲ್ಲ. ಹಿಂಗಾಲಿಗೆ ಪಿಛಾಡಿ ಕಟ್ಟುವ, ಮೇಯಲು ಬಿಟ್ಟಾಗ ಮುಂಗಾಲು ಎರಡನ್ನೂ ಸೇರಿಸಿ ಬಿಗಿಯುವ ರೂಢಿ ನಮ್ಮಲ್ಲಿದೆ. ಹುಣ್ಣು ಕಾಲಿನ ಸುತ್ತ ಬಳೆಯಾಕಾರದಲ್ಲಿದ್ದರೆ, ಅಥವಾ ಗಂಟು ಬರುವ ಜಾಗದಲ್ಲೇ ಪದೇ ಪದೇ ಆಗುತ್ತಿದ್ದರೆ, ಯಾವ ಔಷಧವೂ ಆ ಹಗ್ಗದ ಎದುರು ನಿಲ್ಲುವುದಿಲ್ಲ. ನೈಲಾನ್ ಹಗ್ಗ ಒದ್ದೆಯಾದಾಗ ಜಾರಿ ಬಿಗಿಯುತ್ತದೆ, ಒಣಗಿದಾಗ ಅಂಚು ಕುಯ್ಯುತ್ತದೆ. ಹುಣ್ಣು ಮಾಯುವವರೆಗೆ ಆ ಕಾಲಿಗೆ ಕಟ್ಟುವುದನ್ನು ನಿಲ್ಲಿಸಿ. ಕಟ್ಟಲೇಬೇಕಾದರೆ ಎರಡು ಇಂಚಿಗಿಂತ ಅಗಲದ, ಒಳಗೆ ಮೆತ್ತನೆಯ ಬಟ್ಟೆ ಹೊಲಿದ ಪಟ್ಟಿ ಬಳಸಿ. ಅದನ್ನು ದಿನಾ ಬಿಚ್ಚಿ ಒಣಗಿಸಿ, ಒದ್ದೆ ಪಟ್ಟಿಯನ್ನು ಮರಳಿ ಕಟ್ಟಬೇಡಿ.

ತೊಳೆಯುವ ಕ್ರಮ

ಇದು ಸಾಮಾನ್ಯ ಮಳೆಗಾಲದ ಹುಣ್ಣಿಗೆ, ಕುದುರೆ ಕುಂಟದೆ ಇದ್ದಾಗ. ಬೇಕಾದ ಸಾಮಾನು: ಕತ್ತರಿ ಅಥವಾ ಕ್ಲಿಪ್ಪರ್, ರಬ್ಬರ್ ಕೈಗವಸು, ಶೇ 2ರಿಂದ 4ರ ಕ್ಲೋರ್‌ಹೆಕ್ಸಿಡಿನ್ ಶ್ಯಾಂಪೂ ಅಥವಾ ಸ್ಕ್ರಬ್, ಅದು ಸಿಗದಿದ್ದರೆ ಪೊವಿಡೋನ್ ಅಯೋಡಿನ್, ಎರಡು ಬಕೆಟ್ ಉಗುರು ಬೆಚ್ಚಗಿನ ನೀರು, ಪ್ರತಿ ಕಾಲಿಗೂ ಬೇರೆಬೇರೆ ಹಳೆಯ ಹತ್ತಿ ಬಟ್ಟೆ.

ಕುದುರೆಯನ್ನು ಗಟ್ಟಿ, ಒಣ ನೆಲದ ಮೇಲೆ ನಿಲ್ಲಿಸಿ. ತಲೆ ಹಿಡಿದವರು ನೀವು ಕೆಲಸ ಮಾಡುವ ಮಗ್ಗುಲಲ್ಲೇ ನಿಲ್ಲಬೇಕು. ಕುದುರೆ ಗಾಬರಿಯಾದರೆ ತಲೆಯನ್ನು ತಮ್ಮತ್ತ ಎಳೆಯುತ್ತಾರೆ, ಆಗ ಅದರ ಹಿಂಭಾಗ ನಿಮ್ಮಿಂದ ಆಚೆ ಸರಿಯುತ್ತದೆ. ಹಿಂಗಾಲಿನ ಹಿಂದೆ ನೇರವಾಗಿ ಕೂರಬೇಡಿ, ಮಂಡಿಯೂರಬೇಡಿ. ಪಕ್ಕದಲ್ಲಿ ಬಗ್ಗಿ ನಿಂತೇ ಕೆಲಸ ಮಾಡಿ, ಒಂದು ಕೈ ಯಾವಾಗಲೂ ಕಾಲಿನ ಮೇಲಿರಲಿ. ಒಡೆದ ಚರ್ಮಕ್ಕೆ ನೀರು ತಾಕಿದರೆ ಉರಿಯುತ್ತದೆ, ಎಷ್ಟೇ ಸಾಧು ಕುದುರೆಯೂ ಒದೆಯಬಹುದು. ಮುಟ್ಟಗೊಡದಷ್ಟು ನೋವಿದ್ದರೆ ಬಲವಂತ ಬೇಡ, ವೈದ್ಯರು ಮಂಪರಿನ ಇಂಜೆಕ್ಷನ್ ಕೊಟ್ಟು ಮಾಡುತ್ತಾರೆ.

ಮೊದಲು ಕೂದಲು. ಹುಣ್ಣಿನ ಸುತ್ತ ಎರಡು ಬೆರಳಗಲ ಆಚೆಯವರೆಗೂ ಕತ್ತರಿಸಿ. ಕೂದಲಿದ್ದರೆ ಔಷಧ ಕೂದಲಿಗೇ ಹತ್ತುತ್ತದೆ, ಚರ್ಮಕ್ಕೆ ಇಳಿಯುವುದಿಲ್ಲ, ಒರೆಸಿದರೂ ಒಣಗುವುದಿಲ್ಲ. ಎಷ್ಟೋ ಕುದುರೆಗಳಲ್ಲಿ ಕೂದಲು ತೆಗೆದ ಮೇಲೆ ಹುಣ್ಣು ಕಂಡದ್ದರ ಎರಡು ಪಟ್ಟು ಇರುತ್ತದೆ. ರೇಜರಿನಿಂದ ಬೋಳಿಸಬೇಡಿ, ಹೊಸ ಗೀರುಗಳಾಗುತ್ತವೆ.

ಆಮೇಲೆ ಬೆಚ್ಚಗಿನ ನೀರಿನಿಂದ ಮಣ್ಣು ತೆಗೆಯಿರಿ. ಪೈಪಿನ ನೀರನ್ನು ಜೋರಾಗಿ ಬಿಟ್ಟರೆ ಕೊಳೆ ಬಿರುಕಿನ ಒಳಗೆ ಸೇರುತ್ತದೆ. ಒಂದೊಂದು ಕಾಲಿಗೆ 20ರಿಂದ 30 ಮಿಲಿ ಶ್ಯಾಂಪೂ ಹಚ್ಚಿ ಬೆರಳಿನಿಂದ ಮೆಲ್ಲಗೆ ನೊರೆ ಬರಿಸಿ. ಇಲ್ಲಿ ಹೆಚ್ಚಿನವರು ತಪ್ಪುತ್ತಾರೆ: ನೊರೆ ಬಂದ ತಕ್ಷಣ ತೊಳೆದುಬಿಡುತ್ತಾರೆ. ಕ್ಲೋರ್‌ಹೆಕ್ಸಿಡಿನ್ ಕೆಲಸ ಮಾಡಲು ಚರ್ಮದ ಮೇಲೆ 10 ನಿಮಿಷ ನಿಲ್ಲಬೇಕು. ಗಡಿಯಾರ ನೋಡಿಕೊಂಡೇ ನಿಲ್ಲಿಸಿ.

ಈ ಹತ್ತು ನಿಮಿಷದಲ್ಲಿ ಹಕ್ಕಳೆ ನೆನೆಯುತ್ತದೆ. ಬೆರಳು ಸವರಿದರೆ ಬರುವಂಥದ್ದನ್ನು ಮಾತ್ರ ತೆಗೆಯಿರಿ. ಒಣ ಹಕ್ಕಳೆಯನ್ನು ಉಗುರಿನಿಂದ ಕಿತ್ತರೆ ಅಡಿಯ ಹೊಸ ಚರ್ಮವೂ ಕಿತ್ತು ಬರುತ್ತದೆ, ಮಾಯಲು ಹೊರಟದ್ದು ಮತ್ತೆ ಮೊದಲಿಗೆ ಹೋಗುತ್ತದೆ. ಜಗ್ಗದೆ ಕೂತ ದಪ್ಪ ಹಕ್ಕಳೆಗೆ ರಾತ್ರಿ ಲಿಕ್ವಿಡ್ ಪ್ಯಾರಾಫಿನ್ ತೆಳ್ಳಗೆ ಸವರಿ, ಮಾರನೆಯ ದಿನ ತೊಳೆಯುವಾಗ ತೆಗೆಯಬಹುದು. ತೆಗೆದದ್ದನ್ನೆಲ್ಲ ಕಾಗದದಲ್ಲಿ ಹಿಡಿದು ಸುಟ್ಟುಬಿಡಿ.

ಚೆನ್ನಾಗಿ ತೊಳೆಯಿರಿ. ಶ್ಯಾಂಪೂ ಉಳಿದರೆ ಅದೇ ಚರ್ಮವನ್ನು ಕೆರಳಿಸುತ್ತದೆ.

ಇನ್ನು ಒಣಗಿಸುವುದು. ಇಡೀ ಕ್ರಮದಲ್ಲಿ ಅತಿ ಮುಖ್ಯವಾದದ್ದು ಇದು, ಮತ್ತು ಎಲ್ಲರೂ ಬಿಟ್ಟುಬಿಡುವುದೂ ಇದನ್ನೇ. ಬಟ್ಟೆಯನ್ನು ಒತ್ತಿ ಒತ್ತಿ ನೀರು ಹೀರಿಸಿ, ಉಜ್ಜಬೇಡಿ. ಒಂದು ಬಟ್ಟೆ ಒದ್ದೆಯಾದ ಮೇಲೆ ಇನ್ನೊಂದು ತೆಗೆದುಕೊಳ್ಳಿ. ಗೊರಸಿನ ಹಿಂದಿನ ಮಡಿಕೆಯನ್ನು ಬಿಡಿಸಿ ಒಳಗೂ ಒತ್ತಿ. ಆಮೇಲೆ ಕುದುರೆಯನ್ನು ಗಾಳಿಯಾಡುವ ಒಣ ನೆಲದಲ್ಲಿ ಅರ್ಧ ಗಂಟೆ ನಿಲ್ಲಿಸಿ, ಕೈಗವಸು ಇಲ್ಲದ ಬೆರಳಿನ ಹಿಂಬದಿಯನ್ನು ಹುಣ್ಣಿನ ಪಕ್ಕದ ಚರ್ಮಕ್ಕೆ ತಾಗಿಸಿ ನೋಡಿ. ತಂಪು ತಗುಲಿದರೆ ಇನ್ನೂ ಒಣಗಿಲ್ಲ. ಒಣಗಿಸುವಷ್ಟು ಪುರಸೊತ್ತು ಇಲ್ಲದ ದಿನ ತೊಳೆಯದೇ ಇರುವುದು ವಾಸಿ. ಒಣ ಮಣ್ಣನ್ನು ಮೆತ್ತನೆಯ ಬ್ರಶ್ಶಿನಿಂದ ಉದುರಿಸಿ ಬಿಡಿ.

ಪೂರ್ತಿ ಒಣಗಿದ ಮೇಲೆ ಮಾತ್ರ ಮುಲಾಮು. ಹಸಿ ಹುಣ್ಣಿಗೆ ಶೇ 1ರ ಸಿಲ್ವರ್ ಸಲ್ಫಡಯಾಜಿನ್ ಕ್ರೀಮು ಸಾಕು, ಚರ್ಮದ ಬಣ್ಣ ಅದರಡಿ ಕಾಣುವಷ್ಟು ತೆಳ್ಳಗೆ. ದಪ್ಪ ಮೆತ್ತಿದರೆ ಅದೇ ತೇವ ಹಿಡಿಯುವ ಮುಚ್ಚಳವಾಗುತ್ತದೆ. ಜಿಂಕ್ ಆಕ್ಸೈಡ್ ಮುಲಾಮು ಹುಣ್ಣಿಗಲ್ಲ, ಮಾಯುತ್ತ ಬಂದ ಚರ್ಮವನ್ನು ನೀರಿನಿಂದ ಕಾಪಾಡುವುದಕ್ಕೆ.

ಈ ತೊಳೆತ ಮೊದಲ 7ರಿಂದ 10 ದಿನ ದಿನಕ್ಕೊಮ್ಮೆ. ರಸಿಗೆ ನಿಂತು ಗುಲಾಬಿ ಚರ್ಮ ಕಂಡ ಮೇಲೆ ಮೂರು ದಿನಕ್ಕೊಮ್ಮೆ. ಎರಡು ವಾರ ಹೀಗೆ ನಡೆಸಿ ನಿಲ್ಲಿಸಿ. ವಾಸಿಯಾದ ಮೇಲೂ ದಿನಾ ತೊಳೆಯುತ್ತ ಹೋದರೆ ಚರ್ಮದ ಎಣ್ಣೆಯಂಶ ಹೋಗಿ ಮತ್ತೆ ಬಿರಿಯುತ್ತದೆ.

ಅಳತೆಯ ಮಾತು

ಪೊವಿಡೋನ್ ಅಯೋಡಿನನ್ನು ಬಾಟಲಿಯಿಂದ ನೇರ ಸುರಿಯುವುದು ನಮ್ಮ ಕಡೆ ಸಾಮಾನ್ಯ. ಮೆಡಿಕಲ್ ಶಾಪಿನ ದ್ರಾವಣ ಶೇ 5 ಅಥವಾ ಶೇ 10 ಇರುತ್ತದೆ, ಲೇಬಲ್ ಓದಿ. ಹಕ್ಕಳೆ ಕಟ್ಟಿದ ಚರ್ಮ ತೊಳೆಯಲು ಶೇ 1 ಸಾಕು: ಶೇ 10ರದ್ದಾದರೆ 100 ಮಿಲಿಗೆ 900 ಮಿಲಿ ನೀರು. ಹಸಿ ಮಾಂಸ ಕಾಣುವ ಗಾಯಕ್ಕೆ ಇನ್ನೂ ತೆಳ್ಳಗೆ, 1 ಲೀಟರ್ ನೀರಿಗೆ 10 ಮಿಲಿ. ಗಟ್ಟಿ ದ್ರಾವಣ ರೋಗಾಣುವಿನ ಜೊತೆ ಹೊಸ ಚರ್ಮದ ಜೀವಕೋಶಗಳನ್ನೂ ಕೊಲ್ಲುತ್ತದೆ, ದಿನಾ ಹಾಕಿದಷ್ಟೂ ಗಾಯ ಅಲ್ಲೇ ನಿಲ್ಲುತ್ತದೆ.

ಬರೀ ಗಾಯ ತೊಳೆಯಲು ಉಪ್ಪುನೀರೂ ಒಳ್ಳೆಯದು. 1 ಲೀಟರ್ ಕುದಿಸಿ ಆರಿಸಿದ ನೀರಿಗೆ 9 ಗ್ರಾಂ ಉಪ್ಪು, ಅಂದರೆ ಚಹಾ ಚಮಚದಲ್ಲಿ ಸಪಾಟಾಗಿ ಒಂದೂವರೆ ಚಮಚ. ಹೆಚ್ಚು ಹಾಕಿದರೆ ಉರಿ, ಪ್ರಯೋಜನವಿಲ್ಲ.

ನಿಂತ ನೆಲ

ಮೇಲಿನದ್ದನ್ನೆಲ್ಲ ತಪ್ಪಿಲ್ಲದೆ ಮಾಡಿ ಕುದುರೆಯನ್ನು ಮತ್ತೆ ಅದೇ ರಾಡಿಯಲ್ಲಿ ಕಟ್ಟಿದರೆ ಹತ್ತು ದಿನದ ದುಡಿತ ಒಂದು ರಾತ್ರಿಯಲ್ಲಿ ಹೋಗುತ್ತದೆ. ಕುದುರೆ ದಿನದ ಹೆಚ್ಚಿನ ಹೊತ್ತು ನಿಲ್ಲುವ 10 ಅಡಿ ಚೌಕ ಜಾಗ ಒಣಗಿದ್ದರೆ ಸಾಕು, ಹೊಲವೆಲ್ಲ ಒಣಗಬೇಕಿಲ್ಲ.

ಎರಿ ಮಣ್ಣಿನ ಮೇಲೆ ನೇರವಾಗಿ ಗರಸು ಸುರಿದರೆ ಒಂದೇ ಮಳೆಗಾಲದಲ್ಲಿ ಮಣ್ಣು ಅದನ್ನು ನುಂಗಿಬಿಡುತ್ತದೆ. ಅರ್ಧ ಅಡಿ ಎರಿ ಮಣ್ಣು ತೆಗೆದು ಹಾಕಿ, ಅಡಿಗೆ ಕಲ್ಲು ಜಲ್ಲಿ ಹಾಸಿ, ಅದರ ಮೇಲೆ 4ರಿಂದ 6 ಇಂಚು ಗರಸು ಹರಡಿ ನೀರು ಹಾಕಿ ಬಡಿಯಿರಿ. 10 ಅಡಿಗೆ ಎರಡೂವರೆ ಇಂಚಿನಷ್ಟು ಇಳಿಜಾರು ಕೊಟ್ಟರೆ ಉಚ್ಚೆ ಹರಿದುಹೋಗುತ್ತದೆ. ಇಳಿಜಾರಿನ ಕೊನೆಗೆ ಸಣ್ಣ ಕಾಲುವೆ ತೋಡಿ. ಗರಸು ಹೇರಿಸುವ ಖರ್ಚು ಮುಲಾಮಿಗಿಂತ ಜಾಸ್ತಿ ಎಂದು ಅನಿಸಬಹುದು. ಪ್ರತಿ ವರ್ಷ ಹುಣ್ಣು ಬರುವ ಕುದುರೆಗೆ ಇದಕ್ಕಿಂತ ಒಳ್ಳೆಯ ಖರ್ಚು ಇಲ್ಲ.

ಹಾಸಿಗೆ ಶೇಂಗಾ ಹೊಟ್ಟು ಅಗ್ಗವಾಗಿ ಸಿಗುತ್ತದೆ, ತೇವ ಹೀರುತ್ತದೆ. ಬೂಷ್ಟು ಹಿಡಿದದ್ದನ್ನು ಮಾತ್ರ ತರಬೇಡಿ: ಕುದುರೆ ಹಾಸನ್ನು ತಿನ್ನುತ್ತದೆ, ಬೂಷ್ಟಿನ ಶೇಂಗಾದಲ್ಲಿ ಅಫ್ಲಾಟಾಕ್ಸಿನ್ ವಿಷ ಇರಬಹುದು. ಒದ್ದೆ ಹಾಸನ್ನು ದಿನಾ ಬೆಳಿಗ್ಗೆ ತೆಗೆಯಿರಿ, ಮೇಲೆ ಹೊಸದು ಹರಡಿ ಮುಚ್ಚುವುದಲ್ಲ. ನೆಲ ಒಣಗಲೆಂದು ಸುಣ್ಣ ಚೆಲ್ಲುವವರಿದ್ದಾರೆ. ಒಡೆದ ಚರ್ಮಕ್ಕೆ ಸುಣ್ಣ ತಾಗಿದರೆ ಸುಡುತ್ತದೆ, ಹುಣ್ಣಿರುವ ಕುದುರೆಯ ಕೆಳಗೆ ಬೇಡವೇ ಬೇಡ.

ಹಿಂಡಿನ ಜೊತೆ ತಿರುಗುವವರಿಗೆ ಲಾಯ ಕಟ್ಟಿ ಎನ್ನಲಾಗದು. ಅವರು ರಾತ್ರಿ ಬಿಡಾರಕ್ಕೆ ಎರಿ ಹೊಲಕ್ಕಿಂತ ಮಸಾರಿ ದಿಬ್ಬ, ಕಲ್ಲು ನೆಲ ಆರಿಸಿಕೊಂಡರೆ, ಕುದುರೆಯ ಕಾಲಿನ ರಾಡಿಯನ್ನು ಒಣಗಲು ಬಿಟ್ಟು ಉದುರಿಸಿದರೆ ಅರ್ಧ ಕೆಲಸ ಆದಂತೆ.

ಬರಸಾತಿ: ಒಣಗಿಸಿದರೂ ಮಾಯದ ಹುಣ್ಣು

ಕುದುರೆ ಕಸುಬಿನವರು ಬರಸಾತಿ ಎನ್ನುವ ಹುಣ್ಣಿನ ಕಾರಣ ಬೇರೆಯೇ. ಇದನ್ನು ಮೇಲಿನ ಕ್ರಮದಲ್ಲಿ ತೊಳೆಯುತ್ತ ಕೂತರೆ ತಿಂಗಳು ಕಳೆದರೂ ಬದಲಾವಣೆ ಕಾಣುವುದಿಲ್ಲ.

ಹ್ಯಾಬ್ರೊನಿಮಾ ಎಂಬ ಹುಳು ಕುದುರೆಯ ಜಠರದಲ್ಲಿರುತ್ತದೆ. ಅದರ ಮರಿ ಲದ್ದಿಯ ಜೊತೆ ಹೊರಬರುತ್ತದೆ. ಲದ್ದಿಯಲ್ಲಿ ಬೆಳೆಯುವ ನೊಣದ ಹುಳ ಅದನ್ನು ನುಂಗುತ್ತದೆ, ನೊಣವಾದ ಮೇಲೂ ಹೊತ್ತು ತಿರುಗುತ್ತದೆ. ಆ ನೊಣ ಕುದುರೆಯ ತುಟಿಯ ಬಳಿ ಕೂತರೆ ಮರಿ ಬಾಯಿಯಿಂದ ಜಠರ ಸೇರಿ ಬೆಳೆಯುತ್ತದೆ, ಚಕ್ರ ಪೂರ್ತಿಯಾಗುತ್ತದೆ. ಗಾಯದ ಮೇಲೆ ಕೂತರೆ ಮರಿ ಗಾಯದೊಳಗೆ ಇಳಿಯುತ್ತದೆ. ಅಲ್ಲಿ ಅದು ದೊಡ್ಡದಾಗಲಾರದು, ಆದರೆ ಕುದುರೆಯ ದೇಹ ಅದರ ವಿರುದ್ಧ ಕೆರಳಿ ಕೆಂಪು, ಒರಟು ಮಾಂಸ ಬೆಳೆಸುತ್ತದೆ. ಒತ್ತಿದರೆ ಅಕ್ಕಿ ಕಾಳಿನ ಗಾತ್ರದ ಹಳದಿ ಗಟ್ಟಿ ಕಣಗಳು ಬರುವುದು ಇದರ ಗುರುತು. ವಿಪರೀತ ತುರಿಕೆ ಇರುತ್ತದೆ, ಕುದುರೆ ಹುಣ್ಣನ್ನೇ ಕಚ್ಚಿಕೊಳ್ಳುತ್ತದೆ. ಚಳಿಗಾಲದಲ್ಲಿ ನೊಣ ಕಡಿಮೆಯಾದಾಗ ಮಾಯ್ದಂತಾಗಿ ಬೇಸಿಗೆ, ಮಳೆಗೆ ಮತ್ತೆ ಏಳುತ್ತದೆ.

ಇದಕ್ಕೆ ಮುಖ್ಯ ಔಷಧ ಬಾಯಿಯಿಂದ ಕೊಡುವ ಐವರ್‌ಮೆಕ್ಟಿನ್, 1 ಕಿಲೋ ತೂಕಕ್ಕೆ 0.2 ಮಿಲಿಗ್ರಾಂ ಲೆಕ್ಕ. ತೂಕ ಅಂದಾಜಿಗೆ ಹೀಗೆ ಮಾಡಿ: ಮುಂಗಾಲಿನ ಹಿಂದೆ ಎದೆಯ ಸುತ್ತಳತೆಯನ್ನು ಸೆಂಟಿಮೀಟರಿನಲ್ಲಿ ಅಳೆದು ಅದನ್ನು ಅದರಿಂದಲೇ ಗುಣಿಸಿ, ಹೆಗಲ ಮುಂತುದಿಯಿಂದ ಪೃಷ್ಠದ ತುದಿವರೆಗಿನ ಉದ್ದದಿಂದ ಗುಣಿಸಿ, 11,880ರಿಂದ ಭಾಗಿಸಿ. ಸುತ್ತಳತೆ 145, ಉದ್ದ 135 ಇದ್ದರೆ ಸುಮಾರು 239 ಕಿಲೋ, ಅಂದರೆ 48 ಮಿಲಿಗ್ರಾಂ ಔಷಧ. ಎರಡು-ಮೂರು ವಾರದ ಮೇಲೆ ಇನ್ನೊಮ್ಮೆ ಬೇಕೇ, ಬಸುರಿ ಕುದುರೆಗೆ, ಮರಿಗೆ ಕೊಡಬಹುದೇ ಎಂಬುದನ್ನು ವೈದ್ಯರೇ ಹೇಳಬೇಕು. ಹುಣ್ಣಿನೊಳಗಿನ ಹುಳುವಿನ ಮರಿ ಸತ್ತಾಗ ಮೊದಲ ಕೆಲವು ದಿನ ಊತ ಹೆಚ್ಚಾಗಬಹುದು. ಕೆರಳಿಕೆ ತೀರಾ ಹೆಚ್ಚಿದ್ದರೆ ವೈದ್ಯರು ಸ್ಟಿರಾಯ್ಡ್ ಸೇರಿಸುತ್ತಾರೆ, ಬೆಳೆದ ಮಾಂಸ ಕೆತ್ತಿ ತೆಗೆಯುತ್ತಾರೆ.

ಕುರಿ ಸಾಕುವವರ ಬಳಿ ಐವರ್‌ಮೆಕ್ಟಿನ್ ಇಂಜೆಕ್ಷನ್ ಇದ್ದೇ ಇರುತ್ತದೆ. ಅದನ್ನು ಕುದುರೆಗೆ ಚುಚ್ಚಬೇಡಿ. ಚುಚ್ಚಿದ ಜಾಗ ಬಾತು, ಕೆಲವೊಮ್ಮೆ ಪ್ರಾಣಕ್ಕೇ ಕುತ್ತಾಗುವ ಕ್ಲಾಸ್ಟ್ರಿಡಿಯಂ ಸೋಂಕು ಆಗುತ್ತದೆ. ಉಣ್ಣಿ ಹುಳಕ್ಕೆಂದು ದನ-ಕುರಿಗೆ ಹಾಕುವ ಅಮಿಟ್ರಾಜ್ ದ್ರಾವಣವಂತೂ ಕುದುರೆಯ ಮೈಗೆ ತಾಗಲೇಬಾರದು. ಅದು ಕರುಳಿನ ಚಲನೆ ನಿಲ್ಲಿಸುತ್ತದೆ, ಲದ್ದಿ ಕಟ್ಟಿ ಹೊಟ್ಟೆನೋವಿನಿಂದ ಕುದುರೆ ಸಾಯಬಹುದು. ಕಾಲಿನ ತುರಿಹುಳಕ್ಕೆ ಔಷಧ ಬೇಕಾದಾಗಲೂ ಕುದುರೆಗೆ ಯಾವುದು ಸಲ್ಲುತ್ತದೆ ಎಂದು ವೈದ್ಯರಲ್ಲೇ ಕೇಳಿ.

ನೊಣ ನಿಲ್ಲಿಸದೆ ಬರಸಾತಿ ನಿಲ್ಲದು. ಬಿಸಿ ಹವೆಯಲ್ಲಿ ನೊಣ ಮೊಟ್ಟೆಯಿಂದ ರೆಕ್ಕೆಯವರೆಗೆ 7ರಿಂದ 10 ದಿನದಲ್ಲಿ ಬೆಳೆಯುತ್ತದೆ. ಲದ್ದಿಯನ್ನು ದಿನಾ ಎತ್ತಿ ಲಾಯದಿಂದ ದೂರ ಗುಡ್ಡೆ ಹಾಕಿ, ಮೇಲೆ ತಾಡಪತ್ರಿ ಬಿಗಿಯಾಗಿ ಮುಚ್ಚಿ. ಒಳಗಿನ ಕಾವಿಗೆ ಹುಳ ಸಾಯುತ್ತದೆ. ಯಾವುದೇ ಹೊಸ ಗಾಯವನ್ನು ಒಣ ಗಾಜ್ ಬಟ್ಟೆಯಿಂದ ಮುಚ್ಚಿ, ದಿನಾ ಬದಲಿಸಿ. ಬೇವಿನೆಣ್ಣೆಯನ್ನು ಗಾಯದೊಳಗೆ ಸುರಿಯದೆ ಸುತ್ತಲಿನ ಕೂದಲಿಗೆ ಸವರಿದರೆ ನೊಣ ಸ್ವಲ್ಪ ಹೊತ್ತು ದೂರ ಇರುತ್ತದೆ.

ಗಾಯಕ್ಕೆ ಹಾಕಬಾರದ್ದು

ಸುಟ್ಟ ಎಂಜಿನ್ ಆಯಿಲ್, ಸೀಮೆಎಣ್ಣೆ, ಬ್ಯಾಟರಿ ನೀರು, ಫಿನಾಯಿಲ್. ಇವು ಚರ್ಮ ಸುಡುತ್ತವೆ, ಸುಟ್ಟ ಚರ್ಮದ ಕೆಳಗೆ ಸೋಂಕು ಹರಡುತ್ತದೆ. ಮೈಲುತುತ್ತ ಬೆಳೆದ ಮಾಂಸವನ್ನು ಕರಗಿಸುತ್ತದೆ ಎಂಬುದು ನಿಜವೇ, ಆದರೆ ಆರೋಗ್ಯದ ಮಾಂಸವನ್ನೂ ಬಿಡುವುದಿಲ್ಲ. ಕುದುರೆಯ ಮಂಡಿಯ ಕೆಳಗಿನ ಗಾಯದಲ್ಲಿ ಮಾಂಸ ಉಬ್ಬಿ ಬೆಳೆಯುವುದು ಸಾಮಾನ್ಯ. ಅದರಲ್ಲಿ ರಕ್ತನಾಳ ಬಹಳ, ನರ ಇರುವುದಿಲ್ಲ, ಹೀಗಾಗಿ ವೈದ್ಯರು ಅದನ್ನು ಸಪಾಟಾಗಿ ಕತ್ತರಿಸಿ ಒತ್ತು ಪಟ್ಟಿ ಕಟ್ಟುವುದು ಎಲ್ಲ ಪುಡಿಗಿಂತ ಬೇಗ ಕೆಲಸ ಮಾಡುತ್ತದೆ.

ಮೆಡಿಕಲ್ ಶಾಪಿನಲ್ಲಿ ತುರಿಕೆಗೆಂದು ಕೊಡುವ, ಮೂರ್ನಾಲ್ಕು ಔಷಧ ಬೆರೆತ ಟ್ಯೂಬುಗಳ ಬಗ್ಗೆ ವಿಶೇಷ ಎಚ್ಚರ ಬೇಕು. ಹೆಚ್ಚಿನವುಗಳಲ್ಲಿ ಬಲವಾದ ಸ್ಟಿರಾಯ್ಡ್ ಇರುತ್ತದೆ. ಎರಡು ದಿನದಲ್ಲಿ ಕೆಂಪು ಇಳಿದು ವಾಸಿಯಾದಂತೆ ಕಾಣುತ್ತದೆ. ಅಡಿಯಲ್ಲಿ ಗಜಕರ್ಣವೋ ಬ್ಯಾಕ್ಟೀರಿಯಾವೋ ಹಬ್ಬುತ್ತಲೇ ಇರುತ್ತದೆ, ಚರ್ಮ ತೆಳ್ಳಗಾಗುತ್ತದೆ. ಟ್ಯೂಬು ನಿಲ್ಲಿಸಿದ ವಾರಕ್ಕೆ ಮೊದಲಿಗಿಂತ ಜೋರಾಗಿ ಏಳುತ್ತದೆ. ವರ್ಷಗಟ್ಟಲೆ ಕಾಡುವ ಹುಣ್ಣುಗಳ ಹಿಂದೆ ಹಲವು ಬಾರಿ ಇಂಥದ್ದೊಂದು ಟ್ಯೂಬು ಇರುತ್ತದೆ.

ವೈದ್ಯರನ್ನು ಕರೆಯಲೇಬೇಕಾದಾಗ

ಹತ್ತು ದಿನ ಕ್ರಮವಾಗಿ ತೊಳೆದು ಒಣಗಿಸಿದರೂ ಹುಣ್ಣು ಇಳಿಯದಿದ್ದರೆ ಊಹೆ ನಿಲ್ಲಿಸಿ, ಪರೀಕ್ಷೆ ಮಾಡಿಸಿ. ಹಕ್ಕಳೆಯ ಅಡಿಯ ಲೇಪ, ಚರ್ಮದ ಕೆರೆತ, ಬೇಕಾದರೆ ಸಣ್ಣ ತುಣುಕು, ಇವುಗಳಿಂದ ಯಾವ ರೋಗಾಣು, ಯಾವ ಹುಳ ಎಂದು ತಿಳಿಯುತ್ತದೆ. ಪರೀಕ್ಷೆಗೆ ಮುಂಚಿನ ಎರಡು-ಮೂರು ದಿನ ಔಷಧ ಹಚ್ಚಬೇಡಿ. ತಾಲೂಕು ಪಶು ಆಸ್ಪತ್ರೆಯಲ್ಲಿ ಕುದುರೆ ನೋಡುವುದು ದನದಷ್ಟು ಪದೇ ಪದೇ ಇರುವುದಿಲ್ಲ, ಹಾಗಾಗಿ ಫೋಟೊ, ಹಚ್ಚಿದ ಔಷಧಗಳ ಖಾಲಿ ಟ್ಯೂಬು, ಶುರುವಾದ ತಾರೀಖು ಎಲ್ಲ ಒಯ್ಯಿರಿ. ಗದಗದಲ್ಲಿ ಪಶುವೈದ್ಯಕೀಯ ಕಾಲೇಜು ಇದೆ, ಬಗೆಹರಿಯದ ಹುಣ್ಣನ್ನು ಅಲ್ಲಿಗೆ ಕಳಿಸಿಕೊಡಲು ನಿಮ್ಮ ವೈದ್ಯರನ್ನೇ ಕೇಳಬಹುದು. ಕುದುರೆಯನ್ನು ಸಾಗಿಸಲಾಗದಿದ್ದರೆ ಪಶು ಸಂಜೀವಿನಿ ಆಂಬುಲೆನ್ಸಿಗೆ 1962ಕ್ಕೆ ಕರೆ ಮಾಡಿ.

ಕಾಲು ಪೂರ್ತಿ ಬಾತು ಬಿಸಿಯಾಗಿದ್ದರೆ, ಕುದುರೆ ಕಾಲು ಊರದಿದ್ದರೆ, ಗುದದ್ವಾರದ ಉಷ್ಣತೆ 101.5 ಡಿಗ್ರಿ ಫ್ಯಾರನ್‌ಹೀಟ್ ದಾಟಿದ್ದರೆ ಹತ್ತು ದಿನ ಕಾಯುವ ಮಾತೇ ಇಲ್ಲ. ಸೋಂಕು ಚರ್ಮದ ಅಡಿಗೆ ಇಳಿದಿದೆ, ಇಂಜೆಕ್ಷನ್ ಬೇಕು. ನೀರು ನಿಂತ ಕೆರೆಯಂಗಳದಲ್ಲಿ ಮೇಯ್ದ ಕುದುರೆಯ ಕಾಲಿನಲ್ಲಿ ದಿನದಿನಕ್ಕೆ ದೊಡ್ಡದಾಗುವ, ಅಂಟು ರಸ ಸುರಿಸುವ, ಹವಳದ ಚೂರಿನಂಥ ಹಳದಿ ಗಟ್ಟಿ ತುಂಡುಗಳಿರುವ ಹುಣ್ಣು ಕಂಡರೆ ಪಿಥಿಯೋಸಿಸ್ ಇರಬಹುದು. ಇದರಲ್ಲಿ ಶಸ್ತ್ರಚಿಕಿತ್ಸೆ ವಾರ ತಡವಾದರೂ ಕುದುರೆ ಉಳಿಯುವುದು ಕಷ್ಟ. ನರೂಲಿಯಂಥ, ಮುಟ್ಟಿದರೆ ರಕ್ತ ಬರುವ ಗಂಟು ಸಾರ್ಕಾಯ್ಡ್ ಆಗಿರಬಹುದು. ಅದನ್ನು ಮನೆಯಲ್ಲಿ ಕತ್ತರಿಸಿದರೆ, ದಾರ ಕಟ್ಟಿದರೆ, ಕೆರಳಿ ಇನ್ನಷ್ಟು ದೊಡ್ಡದಾಗಿ ಮರಳುತ್ತದೆ.

ಇನ್ನೊಂದನ್ನು ಎಲ್ಲಕ್ಕಿಂತ ಗಂಭೀರವಾಗಿ ತೆಗೆದುಕೊಳ್ಳಿ. ಹಿಂಗಾಲಿನ ಒಳಮಗ್ಗುಲಲ್ಲಿ ಸಾಲಾಗಿ ಗಂಟುಗಳೆದ್ದು, ಒಡೆದು ಜೇನಿನ ಬಣ್ಣದ ಅಂಟು ಕೀವು ಬರುತ್ತಿದ್ದರೆ, ಜೊತೆಗೆ ಮೂಗಿನಿಂದ ಸಿಂಬಳ, ಜ್ವರ ಇದ್ದರೆ ಗ್ಲ್ಯಾಂಡರ್ಸ್ ಅನುಮಾನಿಸಬೇಕು. ಇದು ಮನುಷ್ಯರಿಗೆ ಅಂಟಿ ಪ್ರಾಣ ತೆಗೆಯಬಲ್ಲ ಕಾಯಿಲೆ. 2009ರ ಪ್ರಾಣಿಗಳ ಸಾಂಕ್ರಾಮಿಕ ರೋಗ ಕಾಯ್ದೆಯಡಿ ಸರ್ಕಾರಕ್ಕೆ ತಿಳಿಸಲೇಬೇಕಾದ ರೋಗ. ಬರಿಗೈಯಲ್ಲಿ ಮುಟ್ಟಬೇಡಿ, ಗಂಟು ಒಡೆಯಬೇಡಿ, ಕುದುರೆಯನ್ನು ಬೇರೆ ಮಾಡಿ ಜಾತ್ರೆಗೂ ಮೆರವಣಿಗೆಗೂ ಒಯ್ಯದೆ ಪಶುಪಾಲನಾ ಇಲಾಖೆಗೆ ತಿಳಿಸಿ.

ಧನುರ್ವಾಯುವಿನ ಚುಚ್ಚುಮದ್ದು ಮರೆಯಬೇಡಿ. ಸಾಕುಪ್ರಾಣಿಗಳಲ್ಲಿ ಕುದುರೆಯಷ್ಟು ಬೇಗ ಈ ರೋಗಕ್ಕೆ ಬೀಳುವ ಪ್ರಾಣಿ ಇಲ್ಲ, ರೋಗಾಣು ಮಣ್ಣಿನಲ್ಲೂ ಲದ್ದಿಯಲ್ಲೂ ಇದೆ, ಬಿರಿದ ಹಿಮ್ಮಡಿ ಅದಕ್ಕೆ ತೆರೆದ ಬಾಗಿಲು. ಮೊದಲ ಸಲ 4ರಿಂದ 6 ವಾರದ ಅಂತರದಲ್ಲಿ ಎರಡು, ಆಮೇಲೆ ವರ್ಷಕ್ಕೊಂದು. ಲಸಿಕೆ ಆಗಿದೆಯೋ ಇಲ್ಲವೋ ಗೊತ್ತಿಲ್ಲದ ಕುದುರೆಗೆ ಹುಣ್ಣಾಗಿದ್ದರೆ ವೈದ್ಯರು ತಕ್ಷಣದ ರಕ್ಷಣೆಗೆ ಸೀರಂ ಕೂಡ ಕೊಡುತ್ತಾರೆ.

ಕೆಲಸಕ್ಕೆ ಮರಳಿಸುವಾಗ

ಹುಣ್ಣು ಮುಚ್ಚಿದ ಮೇಲೂ ಆ ಚರ್ಮ ಕೆಲವು ವಾರ ತೆಳ್ಳಗೆ, ಕೂದಲಿಲ್ಲದೆ ಇರುತ್ತದೆ. ಮೊದಲ ವಾರ ಒಣ ನೆಲದಲ್ಲಿ ದಿನಕ್ಕೆರಡು ಬಾರಿ ಹದಿನೈದು ನಿಮಿಷ ನಡೆಸಿದರೆ ಸಾಕು, ಇದರಿಂದ ಕಾಲಿನ ಬಾವೂ ಇಳಿಯುತ್ತದೆ. ಮೆರವಣಿಗೆಗೆ ಹೋಗುವ ಕುದುರೆಯ ಕಾಲಿಗೆ ಗೆಜ್ಜೆ ಪಟ್ಟಿ, ಬಣ್ಣ, ಜರಿ ಬಟ್ಟೆ ಸುತ್ತುವುದನ್ನು ಕೂದಲು ಮರಳುವವರೆಗೆ ಬಿಡಿ; ಗಿರಾಕಿ ಕೇಳಿದರೂ ಬಿಡಿ. ರಾಡಿ ದಾರಿಯಲ್ಲಿ ಹೋಗಲೇಬೇಕಾದ ದಿನ ಬೆಳಿಗ್ಗೆ, ಒಣಗಿದ ಚರ್ಮಕ್ಕೆ ಜಿಂಕ್ ಆಕ್ಸೈಡ್ ಸವರಿ. ಸಂಜೆ ಅದನ್ನು ಒರೆಸಿ ತೆಗೆಯದೆ ಮತ್ತೊಂದು ಪದರ ಹಚ್ಚಬೇಡಿ. ನಾಲು ಕಟ್ಟುವವರು 6ರಿಂದ 8 ವಾರಕ್ಕೊಮ್ಮೆ ಬಂದಾಗ ಗೊರಸಿನ ಅಡಿಯನ್ನೂ ತೋರಿಸಿ. ಅಡಿಯಲ್ಲಿ ಕಪ್ಪು ಕೊಳೆ, ಕೆಟ್ಟ ವಾಸನೆ ಇದ್ದರೆ ಅಲ್ಲೂ ಇದೇ ತೇವದ ಕೆಲಸ ನಡೆದಿದೆ ಎಂದರ್ಥ, ಅದನ್ನು ಕೆತ್ತಿ ಒಣಗಿಸಬೇಕು. ಮುಂದಿನ ವರ್ಷಕ್ಕೆ ಗರಸು ಹಾಕುವ ಕೆಲಸ, ಗಿಣ್ಣಿನ ಉದ್ದ ಕೂದಲು ಕತ್ತರಿಸುವ ಕೆಲಸ ಎರಡನ್ನೂ ಮೇ ತಿಂಗಳ ಒಳಗೆ ಮುಗಿಸಿ. ಮಿರಗ ಕೂಡಿದ ಮೇಲೆ ಎರಿ ನೆಲದಲ್ಲಿ ಗಾಡಿಯೂ ಇಳಿಯುವುದಿಲ್ಲ, ಗರಸೂ ಕೂರುವುದಿಲ್ಲ.